ಮಟ್ಟು ಅವರದು, ಮಾತು ನಮ್ಮದು

ನೀವು ಕಂಪನಿ ನಾಟಕ ನೋಡಿದ್ದೀರಾ? ನೋಡಿದ್ದರೆ ನಿಮಗೆ ಗೊತ್ತೇ ಇರುತ್ತದೆ. ಅಲ್ಲಿ ರಾಜ ಸಿಂಹಾಸನ ಏರುವಾಗಲೂ ಹಾಡು, ಇಳಿಯುವಾಗಲೂ ಹಾಡು. ರಾಣಿ ಅಳುವುದಕ್ಕೆ ಮುಂಚೆ ಹಾರ್ಮೋನಿಯಂ ಅಳಬೇಕು. ಎದೆಗೆ ಬಾಣ ನಾಟಿ ಬಿದ್ದವನು ಬಿದ್ದಲ್ಲೇ ಮೊಣಕೈ ಊರಿ, ಒಂದು ಪಲ್ಲವಿ ಎರಡು ಚರಣ ಹಾಡಿ, ಆಮೇಲೆ ನಿಧಾನವಾಗಿ ಕಣ್ಣು ಮುಚ್ಚುತ್ತಾನೆ. ಅಷ್ಟರಲ್ಲಿ ಹಿಂದಿನಿಂದ ಯಾರಾದರೂ ‘ಒನ್ಸ್ ಮೋರ್’ ಎಂದು ಕೂಗಿದರೋ, ಮುಗಿಯಿತು. ಸತ್ತವನು ಎದ್ದು ಕೈಮುಗಿದು, ಇನ್ನೊಂದು ಸಲ ಹಾಡಿ, ಇನ್ನೊಂದು ಸಲ ಸಾಯಬೇಕು!

ಇದನ್ನು ನೋಡಿ ಗಂಡಸರು ಚಪ್ಪಾಳೆ ಹೊಡೆಯುತ್ತಿದ್ದ ಕಾಲದಲ್ಲಿ ನಮ್ಮತ್ತೆಗೆ ನಗು ಬಂದಿತ್ತು. ನಗು ಬಂದದ್ದಷ್ಟೇ ಅಲ್ಲ, ಅದೇ ಹಾಡಿನ ಮಟ್ಟಿಗೆ ಬೇರೆ ಮಾತು ಕೂರಿಸಿ ಊರ ಹೆಂಗಸರನ್ನೆಲ್ಲ ನಗಿಸಿಬಿಟ್ಟಿದ್ದರು. ಆ ಹಾಡುಗಳ ವಿಷಯವನ್ನೇ ಈ ಸಲ ನಿಮಗೆ ಹೇಳೋಣ ಅಂತ ಕೂತಿದ್ದೇನೆ. ಒಲೆಯ ಮೇಲೆ ಏನಾದರೂ ಇಟ್ಟಿದ್ದರೆ ಇಳಿಸಿ ಬನ್ನಿ.

ನಾನು ಹುಟ್ಟಿ ಬೆಳೆದದ್ದು ತರೀಕೆರೆಯಲ್ಲಿ. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. 2001ರಲ್ಲಿ ಮದುವೆಯಾಗಿ ಬಂದದ್ದು ಅಜ್ಜಂಪುರದ ಹತ್ತಿರದ ಒಂದು ಹಳ್ಳಿಗೆ. (ಈಗ ಅಜ್ಜಂಪುರವೇ ಒಂದು ತಾಲ್ಲೂಕು. ಆಗೆಲ್ಲ ಸಣ್ಣ ಕಾಗದಕ್ಕೂ ತರೀಕೆರೆಗೇ ಬರಬೇಕಿತ್ತು. ಹಾಗಾಗಿ ‘ತಾಲ್ಲೂಕು ಕಛೇರಿ ಊರಿನ ಸೊಸೆ’ ಅಂತ ನನಗೊಂದು ಅಡ್ಡಹೆಸರೂ ಇತ್ತು.) ಮಕ್ಕಳ ಓದಿಗೆಂದು ಈಗ ಕಡೂರಿನಲ್ಲಿ ಮನೆ ಮಾಡಿದ್ದೇವೆ. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಎಪ್ಪತ್ತೈದು ದಾಟಿದೆ. ಕಿವಿ ಚೆನ್ನಾಗಿದೆ, ಮಂಡಿ ಚೆನ್ನಾಗಿಲ್ಲ.

ಅಜ್ಜಂಪುರ ಅಂದರೆ ಕಥೆ ಓದುವವರಿಗೆ ‘ಆನಂದ’ ಎಂಬ ಹೆಸರಿನಲ್ಲಿ ಬರೆದ ಅಜ್ಜಂಪುರ ಸೀತಾರಾಂ ನೆನಪಾಗುತ್ತಾರೆ, ದನ ಸಾಕುವವರಿಗೆ ಅಮೃತಮಹಲ್ ಎತ್ತು ನೆನಪಾಗುತ್ತದೆ. ನಮ್ಮತ್ತೆಗೆ ಮಾತ್ರ ನಾಟಕದ ಪರದೆಯೇ ನೆನಪು. ಆ ಸೀಮೆಯಲ್ಲಿ ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ ನಾಟಕ ಕಲಿಯದ ಹಳ್ಳಿಯೇ ಇರಲಿಲ್ಲವಂತೆ.

ಮೊದಲು ಮಟ್ಟು ಅಂದರೇನು ಅಂತ ಹೇಳಿಬಿಡುತ್ತೇನೆ. ಮಟ್ಟು ಅಂದರೆ ಹಾಡಿನ ದಾಟಿ, ಧಾಟಿ ಅಂತಲೂ ಅನ್ನುತ್ತೇವೆ. 1880ರ ದಶಕದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿ ನಾಟಕ ಮಂಡಳಿ ಹುಟ್ಟಿ, ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದರು. ಅದೇ ಕಾಲಕ್ಕೆ, 1884ರಲ್ಲಿ, ಗುಬ್ಬಿಯಲ್ಲೂ ಕಂಪನಿ ಶುರುವಾಯಿತು. ಹಾಡಿಲ್ಲದೆ ನಾಟಕವಿಲ್ಲ ಅನ್ನುವ ಕಾಲ. ಹಾಡೋ ಒಂದು ನಾಟಕಕ್ಕೆ ಹತ್ತಾರು ಬೇಕು. ಅಷ್ಟು ಮಟ್ಟುಗಳನ್ನು ಎಲ್ಲಿಂದ ತರುವುದು? ಮರಾಠಿ ನಾಟಕದಿಂದ ಒಂದಿಷ್ಟು, ಪಾರ್ಸಿ ಕಂಪನಿಯವರಿಂದ ಒಂದಿಷ್ಟು, ಕರ್ನಾಟಕ ಸಂಗೀತದ ಕೀರ್ತನೆಗಳಿಂದ ಒಂದಿಷ್ಟು. ಮಟ್ಟು ಮೊದಲು ಬಂತು, ಕನ್ನಡದ ಮಾತು ಆಮೇಲೆ ಅದರೊಳಗೆ ಕೂತಿತು. ಅಚ್ಚಾದ ಹಳೆಯ ನಾಟಕದ ಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ ‘ಇಂಥ ಹಾಡಿನ ಮಟ್ಟು’ ಅಂತಲೇ ಇರುತ್ತಿತ್ತು. ಟಾಕಿ ಬಂದ ಮೇಲೆ ಸಿನಿಮಾ ಮಟ್ಟುಗಳೂ ಸೇರಿಕೊಂಡವು.

ಅಂದರೆ ಎರವಲು ಸೀರೆ ಉಟ್ಟು ಮೆರೆದ ಹಾಗೆ! ಇದನ್ನು ನಾನು ಕೀಳು ಮಾಡಿ ಹೇಳುತ್ತಿಲ್ಲ. ಆ ಹಾಡುಗಳನ್ನು ಎ.ವಿ. ವರದಾಚಾರ್ಯರಂಥ ಮಹಾನುಭಾವರು ಹಾಡಿ ಜನರನ್ನು ಅಳಿಸಿದ್ದಾರೆ. ಗುಬ್ಬಿ ವೀರಣ್ಣನವರು 1934ರಲ್ಲಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿದ್ದರು. ಆದರೆ ನಾಟಕದವರೇ ಬೇರೆಯವರ ಮಟ್ಟು ತಂದು ತಮ್ಮ ಮಾತು ಹಾಕಿಕೊಂಡ ಮೇಲೆ, ಅದೇ ಮಟ್ಟಿಗೆ ಹಟ್ಟಿಯ ಹೆಂಗಸರು ತಮ್ಮ ಮಾತು ಹಾಕಿದರೆ ತಪ್ಪೇನು, ನೀವೇ ಹೇಳಿ?

ನಗೆ ನಾಟಕದೊಳಗೂ ಇತ್ತು ಅನ್ನಿ. ರಾಜ ರಾಣಿ ಹತ್ತು ನಿಮಿಷ ಆಲಾಪನೆ ಮಾಡಿ ಹೋದ ಹಿಂದೆಯೇ ಹಾಸ್ಯದ ಜೋಡಿ ಬಂದು ಅದೇ ಪ್ರೇಮವನ್ನು ಸೊಪ್ಪು ಸಾರಿನ ಮಟ್ಟಕ್ಕಿಳಿಸಿ ಹಾಡುತ್ತಿತ್ತು. ‘ಸದಾರಮೆ’ಯಲ್ಲಿ ವೀರಣ್ಣನವರ ಕಳ್ಳನ ಪಾತ್ರಕ್ಕೆ ಜನ ಕಾದು ಕೂರುತ್ತಿದ್ದರು. ರಾಜಕುಮಾರನಿಗೆ ಅಷ್ಟು ಜನ ಕಾದಿರಲಾರರು.

ಇನ್ನು ನಮ್ಮತ್ತೆಯ ಹಾಡು. ಈ ಹಾಡುಗಳಿಗೆ ವೇದಿಕೆ ಅಂದರೆ ಮದುವೆ ಮನೆ. ಬೀಗರ ಹಾಡು ನಿಮಗೆಲ್ಲ ಗೊತ್ತಿರುವುದೇ. ಬೀಗರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಹೊಟ್ಟೆಬಾಕರೆಂದೂ ಮೂಗಿಲ್ಲದವರೆಂದೂ ಹಾಡಿ ಆಡಿಕೊಳ್ಳುವುದು, ಅವರು ತಿರುಗಿಸಿ ಕೊಡುವುದು. ಅಲ್ಲಿ ಏನು ಹಾಡಿದರೂ ಯಾರೂ ಸಿಟ್ಟಾಗಬಾರದು. ಹಳೇ ಸೋಬಾನೆ ಮಟ್ಟು ಸಾಕಾಗಿ, ಅತ್ತೆ ಮತ್ತು ಅವರ ವಾರಗೆಯವರು ನಾಟಕದ ಮಟ್ಟನ್ನು ತಂದರು. ಮಟ್ಟಿನ ಜೊತೆಗೆ ನಾಟಕವೂ ಬಂತು, ನಾಟಕದ ಜೊತೆಗೆ ನಾಟಕ ಆಡುವ ಗಂಡಂದಿರೂ ಬಂದರು!

ಪ್ರೇಮಗೀತೆಯನ್ನು ಅವರು ಏನು ಮಾಡಿದ್ದರು ನೋಡಿ. ಒಬ್ಬರು ದೊರೆಯಾಗಿ ಟವೆಲನ್ನು ಹೆಗಲಿಗೆ ಎಳೆದುಕೊಂಡು, ಮೀಸೆ ತೀಡುವವರಂತೆ ಮಾಡಿ, ಗಂಟಲು ನಡುಗಿಸಿ:

ಪ್ರಾಣಕಾಂತೇ, ಎಲ್ಲಿಹುದೇ ಸಾರು?

ಇನ್ನೊಬ್ಬರು ಸೆರಗು ಕಚ್ಚಿಕೊಂಡು, ಅಷ್ಟೇ ಎಳೆದು:

ಪ್ರಾಣಕಾಂತಾ, ಮೊದಲು ಸೌದೆ ತಾರೋ!

ಅಷ್ಟೇ. ಬರೆದರೆ ಏನೂ ಇಲ್ಲ. ಆದರೆ ‘ಕಾಂತೇ’ ಅನ್ನುವಲ್ಲಿ ಅರ್ಧ ನಿಮಿಷ ರಾಗ ಎಳೆದು, ತಬಲದ ಬದಲು ಕೊಡಪಾನದ ಮೇಲೆ ಮುಕ್ತಾಯ ಹೊಡೆದಾಗ ನಗದವರಿಲ್ಲ. ಮೂಲ ಗೊತ್ತಿದ್ದವರಿಗೆ ಮಾತ್ರ ಅಣಕು ರುಚಿಸುತ್ತದೆ. ಮಟ್ಟು ಅಂಗೈಯಷ್ಟು ಪರಿಚಿತವಾಗಿರಬೇಕು. ಅದರೊಳಗಿನ ಮಾತು ಮಾತ್ರ ಎದುರು ನೋಡದೇ ಇದ್ದದ್ದಾಗಿರಬೇಕು.

ನಾಟಕದ ಮೇಷ್ಟ್ರ ಮೇಲೂ ಒಂದಿತ್ತು. ನಾಟಕ ಕಲಿಸಲು ಹೊರಗಿನಿಂದ ಬರುವ ಮೇಷ್ಟ್ರು ಎರಡು ಮೂರು ತಿಂಗಳು ಊರಲ್ಲೇ ಬೀಡು ಬಿಡುವರು. ಪಾತ್ರಧಾರಿಗಳ ಮನೆಯಲ್ಲಿ ಸರದಿಯ ಮೇಲೆ ಊಟ. ಬೇಯಿಸುವವರು ಯಾರು? ರಾತ್ರಿ ತಾಲೀಮು ಮುಗಿಸಿ ಹನ್ನೊಂದಕ್ಕೆ ಬರುವವರಿಗೆ ಬಿಸಿ ಮುದ್ದೆ ತಿರುವುವವರು ಯಾರು? ಅದಕ್ಕೇ ಈ ಹಾಡು:

ಪೆಟ್ಟಿಗೆ ಮೇಷ್ಟ್ರಿಗೆ ಶ್ರುತಿ ತಪ್ಪೋದಿಲ್ಲ
ಹೊಟ್ಟೆಯ ತಾಳಾನೂ ತಪ್ಪೋದಿಲ್ಲ!

ಇಂಥ ಹಾಡುಗಳನ್ನು ನಾನು ಬರೆದಿಟ್ಟುಕೊಂಡದ್ದು ಹೇಗೆ ಅನ್ನುವುದನ್ನೂ ಹೇಳುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಉಪಯೋಗವಾದೀತು. ಪುಸ್ತಕ ಪೆನ್ನು ಹಿಡಿದು ಎದುರಿಗೆ ಕೂತು ‘ಹಾಡಿ ಅತ್ತೆ’ ಅಂದರೆ ಒಂದು ಸಾಲೂ ಬರುವುದಿಲ್ಲ. ‘ಮರ್ತೋಗೈತೆ ಕಣೇ’ ಅಂದುಬಿಡುತ್ತಾರೆ. ಕೈಗೆ ಕೆಲಸ ಕೊಡಬೇಕು. ಅವರೆಕಾಯಿ ಸುಲಿಯುವಾಗ, ಹುಣಸೆಹಣ್ಣು ಕುಟ್ಟುವಾಗ, ಅಕ್ಕಿ ಆರಿಸುವಾಗ ತಾನಾಗಿ ಬರುತ್ತವೆ. ಮಾತನ್ನು ಮಾತ್ರ ಹೇಳಿ ಅಂದರೂ ಆಗದು, ಮಟ್ಟಿನ ದಾರ ಹಿಡಿದೇ ಮಾತಿನ ಮಣಿ ಬರಬೇಕು. ನಡುವೆ ತಡೆದು ಕೇಳಿದರೆ ಮತ್ತೆ ಮೊದಲಿನಿಂದ ಶುರು. ಹಾಗಾಗಿ ಮಗಳ ಮೊಬೈಲನ್ನು ಅಕ್ಕಿ ಡಬ್ಬದ ಮರೆಯಲ್ಲಿಟ್ಟು ಧ್ವನಿ ಹಿಡಿದುಕೊಂಡು, ರಾತ್ರಿ ಕೂತು ಬರೆದೆ. ಒಟ್ಟು ಹದಿನಾಲ್ಕು ಹಾಡು ಸಿಕ್ಕವು. ಹದಿನೈದನೆಯದರ ಕಥೆ ಬೇರೆ, ಅದಕ್ಕೆ ಬರುತ್ತೇನೆ.

ನಡುವೆ ಒಂದು ಮಾತು. ಅಣಕು ಹಾಡು ಅಂದರೆ ಓದು ಬಾರದವರ ಚೇಷ್ಟೆ ಅಂದುಕೊಳ್ಳಬೇಡಿ. ತರೀಕೆರೆಯಲ್ಲಿ ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಕನ್ನಡ ಮೇಷ್ಟ್ರು ಶನಿವಾರ ಬೆಳಗಿನ ಕೊನೆಯ ಪೀರಿಯಡ್ಡಿನಲ್ಲಿ ಟಿ.ಪಿ. ಕೈಲಾಸಂ ಅವರ ‘ಕೋಳೀಕೆ ರಂಗ’ ಹಾಡಿ ತೋರಿಸುತ್ತಿದ್ದರು. ಕೈಲಾಸಂ ಭೂಗರ್ಭಶಾಸ್ತ್ರ ಓದಲು ಲಂಡನ್ನಿಗೆ ಹೋಗಿದ್ದವರು. ಅಲ್ಲಿಯ ಹಾಡುಗಳನ್ನು ಕೇಳಿ ಬಂದು ಅವುಗಳ ಮಟ್ಟಿಗೆ ನಮ್ಮ ಹಳ್ಳಿಯವರನ್ನು ಕೂರಿಸಿದರು. ಕಾನ್‌ಸ್ಟಾಂಟಿನೋಪಲ್ ಎಂಬ ಊರಿನ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಹಾಡುವ ಒಂದು ಇಂಗ್ಲಿಷ್ ಹಾಡಿತ್ತು. ಅದು ಇಲ್ಲಿ ಕೋಳೀಕೆ ರಂಗನಾಯಿತು. ಸಿಪಾಯಿಗಳು ಹಾಡುತ್ತಿದ್ದ ‘ಟಿಪ್ಪರರಿ’ ನಮ್ಮ ‘ತಿಪ್ಪಾರಳ್ಳಿ’ಯಾಯಿತು. ರಾಜ ರಾಣಿಯರ ಹಾಡಿನ ನಾಟಕದ ಎದುರು ಅವರು ತಂದದ್ದು ಮನೆಯ ಜಗಲಿಯನ್ನು, ಅಡುಗೆಮನೆಯ ಮಾತನ್ನು. ‘ಟೊಳ್ಳುಗಟ್ಟಿ’ಯಲ್ಲಿ ಯಾರೂ ಕಿರೀಟ ಇಡುವುದಿಲ್ಲ. 1945ರಲ್ಲಿ ಮದರಾಸಿನ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ಮರುವರ್ಷ ತೀರಿಕೊಂಡರು. ಇನ್ನು ಡಾ. ಎಂ. ಶಿವರಾಂ, ಅಂದರೆ ‘ರಾಶಿ’ಯವರು, 1942ರಲ್ಲಿ ಶುರು ಮಾಡಿದ ‘ಕೊರವಂಜಿ’ ಇಪ್ಪತ್ತೈದು ವರ್ಷ ಕನ್ನಡಿಗರನ್ನು ನಗಿಸಿತು.

ದೂರದ ಇಂಗ್ಲೆಂಡಿನಲ್ಲೂ ಇದೇ ಕಥೆ. 1728ರಲ್ಲಿ ಜಾನ್ ಗೇ ಎಂಬಾತ ‘ಬೆಗ್ಗರ್ಸ್ ಆಪೆರಾ’, ಅಂದರೆ ಭಿಕ್ಷುಕನ ಸಂಗೀತ ನಾಟಕ ಬರೆದ. ಆಗ ಲಂಡನ್ನಿನ ದೊಡ್ಡವರಿಗೆಲ್ಲ ಇಟಲಿಯ ಸಂಗೀತ ನಾಟಕದ ಹುಚ್ಚು. ಮಾತು ಅರ್ಥವಾಗದಿದ್ದರೂ ತಲೆಯಾಡಿಸುವುದು. ಗೇ ಮಾಡಿದ್ದೇನು? ಬೀದಿಯಲ್ಲಿ ಎಲ್ಲರೂ ಹಾಡುವ ಮಟ್ಟುಗಳನ್ನು ತಂದು, ರಾಜಕುಮಾರರ ಜಾಗದಲ್ಲಿ ಕಳ್ಳರನ್ನೂ ಜೈಲಿನವರನ್ನೂ ನಿಲ್ಲಿಸಿ, 69 ಹಾಡು ಹಾಡಿಸಿದ. ಕೊನೆಗೆ ನಾಯಕನನ್ನು ಗಲ್ಲಿಗೇರಿಸಬೇಕು. ಆದರೆ ‘ಸಂಗೀತ ನಾಟಕ ಅಂದ ಮೇಲೆ ಸುಖವಾಗಿ ಮುಗಿಯಲೇಬೇಕು’ ಎಂದು ಅವನನ್ನು ಬಿಡಿಸಿಬಿಡುತ್ತಾರೆ! ಮೊದಲ ಸಲವೇ 62 ಪ್ರದರ್ಶನ ಕಂಡಿತಂತೆ. ಸರಿಯಾಗಿ ಇನ್ನೂರು ವರ್ಷದ ಮೇಲೆ, 1928ರಲ್ಲಿ, ಜರ್ಮನಿಯ ಬ್ರೆಕ್ಟ್ ಅದನ್ನೇ ಹೊಸದಾಗಿ ಮಾಡಿದ. ಮಗಳು ಇದನ್ನು ಓದಿ ಹೇಳಿದಾಗ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲೂ ಮೇಷ್ಟ್ರಿಗೆ ಮನೆಯೋರೇ ಊಟ ಹಾಕ್ತಿದ್ರಾ?”

ಈಗ ಹದಿನೈದನೆಯ ಹಾಡು.

ನಮ್ಮ ಮಾವನವರು ಒಳ್ಳೆಯ ಹಾಡುಗಾರರು. ಗೊಬ್ಬರದ ಗಾಡಿ ಹೊಡೆಯುವಾಗ ಅವರು ಹಾಡಿದರೆ ಆಚೆ ಹೊಲದವರು ಕಳೆ ಕೀಳುವುದನ್ನು ಬಿಟ್ಟು ಕೇಳುತ್ತಿದ್ದರಂತೆ. 1974ರಲ್ಲಿ ಊರವರು ‘ಕುರುಕ್ಷೇತ್ರ’ ಆಡುವುದೆಂದು ತೀರ್ಮಾನವಾಯಿತು. ಇಂಥ ನಾಟಕದಲ್ಲಿ ಪಾತ್ರಕ್ಕೆ ದುಡ್ಡು ಕೊಡುವುದಿಲ್ಲ, ಪಾತ್ರಧಾರಿಯೇ ಕೊಡಬೇಕು! ಮೇಷ್ಟ್ರ ಸಂಭಾವನೆ, ಡ್ರೆಸ್ಸು, ಸೀನರಿ, ಪೆಟ್ರೊಮ್ಯಾಕ್ಸ್ ಎಲ್ಲದರ ಖರ್ಚೂ ಪಾತ್ರದ ಮೇಲೆ ಹಂಚಿಕೆ. ದುರ್ಯೋಧನನಿಗೆ ಹಾಡು ಜಾಸ್ತಿ, ಗತ್ತು ಜಾಸ್ತಿ, ಹಾಗಾಗಿ ದುಡ್ಡೂ ಜಾಸ್ತಿ. ಮಾವನವರಿಗೆ ದುರ್ಯೋಧನನೇ ಬೇಕು.

ಎರಡು ವರ್ಷ ಮಳೆ ಸರಿಯಾಗಿ ಆಗಿರಲಿಲ್ಲ. ಹಗೇವಿನಲ್ಲಿದ್ದ ರಾಗಿಯನ್ನು ತೆಗೆದು ಮಾರಿದರು. ಅದೂ ಸಾಲದೆ, ಅತ್ತೆಯ ತೌರಿನವರು ಹಾಕಿದ್ದ ಗುಂಡಿನ ಸರವನ್ನು ಅಜ್ಜಂಪುರದಲ್ಲಿ ಗಿರವಿ ಇಟ್ಟರು. ಅತ್ತೆಗೆ ಆಗ ಇಪ್ಪತ್ನಾಲ್ಕು ವರ್ಷ, ಬಗಲಲ್ಲಿ ಎರಡು ವರ್ಷದ ಮಗು (ನಮ್ಮನೆಯವರೇ!). ಎದುರು ಮಾತಾಡುವ ಕಾಲವಲ್ಲ. “ಕೇಳಿದ್ರಾ ನಿಮ್ಮನ್ನ?” ಅಂತ ನಾನು ಕೇಳಿದ್ದಕ್ಕೆ, “ಬಿಚ್ಚಿಕೊಡು ಅಂದ್ರು, ಬಿಚ್ಚಿಕೊಟ್ಟೆ. ಅದು ಕೇಳ್ದಂಗೋ ಕೇಳ್ದೇ ಇದ್ದಂಗೋ ನೀನೇ ಹೇಳು” ಅಂದರು.

ನಾಟಕ ಬಹಳ ಚೆನ್ನಾಗಿ ಆಯಿತಂತೆ. ಕಡೂರು, ಬೀರೂರು ಕಡೆಯಿಂದಲೂ ಗಾಡಿ ಕಟ್ಟಿಕೊಂಡು ಜನ ಬಂದಿದ್ದರು. ಹೆಂಗಸರಿಗೆ ಬಯಲಿನ ಒಂದು ಪಕ್ಕ, ಹಗ್ಗದ ಆಚೆ ಜಾಗ. ದ್ರೌಪದಿಯ ಪಾತ್ರಕ್ಕೆ ಊರಿನ ಒಬ್ಬ ಹುಡುಗ, ಮೀಸೆ ಬೋಳಿಸಿದ ಜಾಗ ಬೆಳ್ಳಗೆ ಕಾಣುತ್ತಿತ್ತಂತೆ. ಬೆಳಗಿನ ಜಾವಕ್ಕೆ ಭೀಮ ತೊಡೆ ಮುರಿದ. ದುರ್ಯೋಧನ ಬಿದ್ದು ಹಾಡಿದ. ಮೂರು ಸಲ ಒನ್ಸ್ ಮೋರ್ ಬಿತ್ತು. ಮೂರು ಸಲವೂ ಮಾವನವರು ಎದ್ದು, ಕೈಮುಗಿದು, ಮತ್ತೆ ಬಿದ್ದು ಹಾಡಿದರು. ಅತ್ತೆ ಮಲಗಿದ್ದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ನೋಡುತ್ತಿದ್ದರು. ಬರಿಯ ಕೊರಳನ್ನು ಸೆರಗಿನಿಂದ ಮುಚ್ಚಿಕೊಂಡಿದ್ದರಂತೆ.

ಮಾರನೇ ವರ್ಷ ಮಾವನವರ ತಂಗಿಯ ಮದುವೆ. ಬೀಗರು ಊಟಕ್ಕೆ ಕೂತರು. ಬೀಗರ ಹಾಡು ಶುರುವಾಯಿತು. ಗಂಡಿನ ಕಡೆಯ ಹೆಂಗಸೊಬ್ಬರು, “ನಿಮ್ಮಣ್ಣ ದುರ್ಯೋಧನ ಅಂತಲ್ಲ, ಅವರ ಮೇಲೊಂದು ಹಾಡಿ” ಅಂದರು. ಎಲ್ಲರೂ ಅತ್ತೆಯ ಕಡೆ ನೋಡಿದರು. ಅತ್ತೆ ಆ ಸಾಯುವ ಹಾಡಿನ ಮಟ್ಟನ್ನೇ ಎತ್ತಿಕೊಂಡರು:

ಹಸ್ತಿನಾಪುರದ ದೊರೆಯಂತೆ ನೋಡೇ
ಹಗೇವು ಬಗೆದು ರಾಗಿ ಮಾರಿದ
ಮೀಸೆ ಬಾಡಿಗೆ, ಕಿರೀಟ ಬಾಡಿಗೆ
ಹೆಂಡ್ತಿ ಸರವೊಂದೇ ಸ್ವಂತದ್ದು
ತೊಡೆಯು ಮುರಿದರೂ ಹಾಡ್ತಾನೆ ದೊರೆಯು
ಸಾಲ ತೀರೋಗಂಟ ಸಾಯೋಹಂಗಿಲ್ಲ!

ಚಪ್ಪರ ಹಾರಿಹೋಗುವಷ್ಟು ನಗು. ಬೀಗರು ಎಲೆಯ ಮುಂದೆಯೇ ‘ಒನ್ಸ್ ಮೋರ್’ ಅಂದರಂತೆ. ಮಾವನವರು ಆಗ ಪಂಕ್ತಿಯಲ್ಲಿ ತುಪ್ಪ ಬಡಿಸುತ್ತಿದ್ದರು. ತುಪ್ಪದ ಗಿಂಡಿಯನ್ನು ಕೆಳಗಿಟ್ಟು ಹೊರಗೆ ಹೋದರು.

ಬೀಗರ ಹಾಡಿಗೆ ಸಿಟ್ಟಾಗಬಾರದು ಅಂತ ನಿಯಮವೇ ಇದೆ. ಮಾವನವರು ಸಿಟ್ಟಾಗಲಿಲ್ಲ. ಒಂದು ಮಾತೂ ಆಡಲಿಲ್ಲ. ಆದರೆ ಮತ್ತೆ ನಾಟಕ ಮಾಡಲಿಲ್ಲ. ಗಾಡಿ ಹೊಡೆಯುವಾಗಲೂ ಹಾಡಲಿಲ್ಲ. ಮೂರನೇ ವರ್ಷ ಈರುಳ್ಳಿಗೆ ಒಳ್ಳೇ ರೇಟು ಬಂತು. ಸರ ಬಿಡಿಸಿಕೊಂಡು ಬಂದು, ಮನೆಯಲ್ಲಿ ಯಾರಿಗೂ ಹೇಳದೆ, ದೇವರ ಗೂಡಿನಲ್ಲಿಟ್ಟರು. ಅತ್ತೆ ದೀಪ ಹಚ್ಚಲು ಹೋದಾಗ ಕಂಡಿತು. ಆವತ್ತಿನಿಂದ ಅತ್ತೆಯೂ ಆ ಹಾಡನ್ನು ಬಿಟ್ಟರು. ಬೇರೆಯವೆಲ್ಲ ಹಾಡುತ್ತಿದ್ದರು, ಅದೊಂದನ್ನು ಬಿಟ್ಟು.

ಯಾರದು ತಪ್ಪು? ನಾನು ಬಹಳ ಸಲ ಯೋಚಿಸಿದ್ದೇನೆ. ಒಮ್ಮೊಮ್ಮೆ ನನಗೆ ಅತ್ತೆಯ ಮೇಲೇ ಸಿಟ್ಟು ಬರುತ್ತದೆ. ಹತ್ತು ಜನರ ಮುಂದೆ, ಅದೂ ಹೊಸ ಬೀಗರ ಮುಂದೆ, ಬೇಕಿತ್ತೇ? ಮರುಕ್ಷಣ ಅನ್ನಿಸುತ್ತದೆ, ಇಪ್ಪತ್ತೈದು ವರ್ಷದ ಸೊಸೆ ಆ ಮಾತನ್ನು ಇನ್ನೆಲ್ಲಿ ಹೇಳಬಹುದಿತ್ತು? ಅಡುಗೆಮನೆಯಲ್ಲಿ ಹೇಳಿದ್ದರೆ ಕೇಳುವವರಿರಲಿಲ್ಲ. ಆಕೆಗಿದ್ದ ಒಂದೇ ರಂಗ ಅದು. ನೀವು ಏನಂತೀರೋ ಗೊತ್ತಿಲ್ಲ. ನಮ್ಮ ಪಕ್ಕದ ಮನೆಯಾಕೆ ಮಾತ್ರ ಖಂಡಿತವಾಗಿ, “ಸರ ಬಂತಲ್ಲ ವಾಪಸ್ಸು, ಹಾಡಿದ್ದಕ್ಕೇ ಬಂದದ್ದು” ಅನ್ನುತ್ತಾರೆ.

ಮಾವನವರು 2016ರಲ್ಲಿ ಹೋದರು. ಹೋಗುವ ಮುಂಚೆ ಆರು ತಿಂಗಳು ಹಾಸಿಗೆಯಲ್ಲಿದ್ದರು. ಸೊಂಟದ ಕೆಳಗೆ ಸ್ವಾಧೀನ ಇರಲಿಲ್ಲ. ಅತ್ತೆಯೇ ಎಲ್ಲ ನೋಡಿಕೊಂಡರು. ಒಂದು ಮಧ್ಯಾಹ್ನ ನಾನು ಗಂಜಿ ತೆಗೆದುಕೊಂಡು ಹೋದಾಗ, ಬಾಗಿಲ ಹತ್ತಿರ ನಿಂತುಬಿಟ್ಟೆ. ಒಳಗೆ ಹಾಡು ಕೇಳುತ್ತಿತ್ತು. ನಾನು ಆ ಮನೆ ಸೇರಿ ಹದಿನೈದು ವರ್ಷವಾಗಿತ್ತು, ಅವರ ಹಾಡನ್ನು ಕೇಳಿದ್ದು ಅದೇ ಮೊದಲು. ಗಂಟಲು ಒಡೆದಿತ್ತು, ಶ್ರುತಿ ಒಡೆದಿರಲಿಲ್ಲ. ದುರ್ಯೋಧನನ ಹಾಡು. ಅತ್ತೆ ಅವರ ಕಾಲಿಗೆ ಎಣ್ಣೆ ಹಚ್ಚುತ್ತಾ ತಲೆ ಬಗ್ಗಿಸಿಕೊಂಡೇ ಕೇಳುತ್ತಿದ್ದರು. ನಾನು ಗಂಜಿಯನ್ನು ವಾಪಸ್ಸು ತಂದು ಮತ್ತೆ ಬಿಸಿ ಮಾಡಿದೆ.

ಹೋದ ವರ್ಷ ಅವರೆಕಾಯಿಯ ಕಾಲದಲ್ಲಿ ಹದಿನಾಲ್ಕು ಹಾಡು ಬರೆದು ಮುಗಿಸಿ, ಇನ್ನಿಲ್ಲ ಅಂದುಕೊಂಡಿದ್ದೆ. ಒಂದು ಸಂಜೆ ಅತ್ತೆ ಕಾಳು ಹಿಸುಕುತ್ತಾ ತಾವಾಗಿಯೇ ಎತ್ತಿಕೊಂಡರು. ಹಸ್ತಿನಾಪುರದ ದೊರೆ, ಹಗೇವು, ಬಾಡಿಗೆ ಮೀಸೆ, ಸರ, ಎಲ್ಲ ಬಂತು. ನನಗೆ ಈ ಹಾಡನ್ನು ಅಷ್ಟರಲ್ಲಾಗಲೇ ನಮ್ಮ ಸೋದರತ್ತೆ, ಅದೇ ಆ ಮದುವೆಯ ಮದುಮಗಳು, ಗುಟ್ಟಾಗಿ ಹೇಳಿಕೊಟ್ಟಿದ್ದರು. ಹಾಗಾಗಿ ಕೊನೆಯ ಸಾಲಿಗೆ ನಗಲು ಸಿದ್ಧಳಾಗಿದ್ದೆ. ಅತ್ತೆ ಹಾಡಿದ್ದು ಹೀಗೆ:

ತೊಡೆಯು ಮುರಿದರೂ ಹಾಡ್ತಾನೆ ದೊರೆಯು
ನಾನು ಕೇಳೋಗಂಟ ಸಾಯೋಹಂಗಿಲ್ಲ

ಮಗಳು ಮೊಬೈಲಿನಿಂದ ತಲೆಯೆತ್ತಿ, “ಅಜ್ಜಿ, ಅದು ಸಾಲ ತೀರೋಗಂಟ ಅಲ್ವಾ?” ಅಂದಳು.

“ಅದು ಆವಾಗ” ಅಂದರು ಅತ್ತೆ.

“ಯಾವುದನ್ನು ಬರೀಲಿ ಅತ್ತೆ?” ಅಂದೆ ನಾನು.

“ಎಲ್ಡೂ ಬರಿ” ಅಂದು, ಹಿಸುಕಿದ ಕಾಳಿನ ಬಟ್ಟಲನ್ನು ನನ್ನ ಕಡೆ ತಳ್ಳಿ, “ಇಷ್ಟು ಸಾಕೇನೇ ಸಾರಿಗೆ?” ಅಂತ ಕೇಳಿದರು.